ಅತ್ತೆಯ ಬಕೆಟ್ಟಿನ ಸದ್ದು

ಹಂದಿಗಳು ಹನ್ನೊಂದಿದ್ದವೋ ಹದಿಮೂರೋ, ನನ್ನ ನೆನಪನ್ನು ನಾನೇ ಪೂರ್ತಿ ನಂಬುವುದಿಲ್ಲ. ಆದರೆ ಬನಹಟ್ಟಿಯ ನಮ್ಮ ಹಿತ್ತಲಿನ ಆಚೆ ದನದ ಡಾಕ್ಟರು ಸಿರಿಂಜ್ ಹಿಡಿದು ಬೆವರುತ್ತಿದ್ದುದು ಖಂಡಿತ. ಪಕ್ಕದ ಮನೆಯ ಯಲ್ಲವ್ವ ಸಾಕಿದ ಎರಡು ಹಂದಿ ಆಗಲೇ ಸತ್ತಿದ್ದವು. ಬೇರೆ ಕಟ್ಟಿದ್ದ ಮೂರನೆಯದು ಕಿವಿ ನೇರಳೆಯಾಗಿ, ಹಿಂಗಾಲು ತೂರಾಡುತ್ತ ಗೋಡೆಗೆ ಒರಗಿತ್ತು.

"ಈ ಜ್ವರಕ್ಕ ಔಷಧ ಇಲ್ಲವ್ವಾ. ಇದರ ಜೊಲ್ಲು ತಾಗಿದ್ರ ಸಾಕು, ಉಳಿದವೂ ಹೋಗ್ತಾವ. ಛಲೋ ಇದ್ದವಕ್ಕ ಜ್ವರ ಬರದಂಗ ಇವತ್ತ ಸೂಜಿ ಮಾಡಬೇಕು, ಹಿಡೀರಿ" ಎಂದರು ಡಾಕ್ಟರು.

ಯಲ್ಲವ್ವ ಕೂಗಿದಷ್ಟೂ ಅವು ದೂರ ಓಡಿದವು. ಆಕೆ ಅಳುತ್ತ ಕುಳಿತುಬಿಟ್ಟಳು.

ಆಗ ನನ್ನ ಅತ್ತೆ ಹೊರಗೆ ಬಂದರು. ಮಹಾ ಮಡಿವಂತೆ; ಮನೆಯಲ್ಲಿ 'ಹಂದಿ' ಎಂಬ ಶಬ್ದವನ್ನೂ ಆಡಗೊಡದವರು, ದಿನವೂ ಕೋಲು ಹಿಡಿದು ಅವನ್ನು ಅಟ್ಟುವವರು. ಮುಸುರೆಯ ಬಕೆಟ್ಟನ್ನು ಸೌಟಿನಿಂದ ಮೂರು ಸಲ ಬಡಿದರು. ಓಣಿಯ ಮೂಲೆಮೂಲೆಯಿಂದ ಹಂದಿಗಳು ಓಡಿಬಂದು ಅವರ ಕಾಲನ್ನು ಮುತ್ತಿಕೊಂಡವು.

ಯಲ್ಲವ್ವ ಕಣ್ಣೊರೆಸಿಕೊಂಡು, "ಅವ್ವಾರ, ಇವು ನಮ್ಮನ್ಯಾಗ ಯಾಕ ಉಣ್ಣಂಗಿಲ್ಲಂತ ಈಗ ತಿಳೀತ ನೋಡ್ರಿ!" ಎಂದಳು.

ಲಸಿಕೆ ಬಿದ್ದವುಗಳಲ್ಲಿ ಬಹಳಷ್ಟು ಬದುಕಿದವು. "ಅತ್ತಿ, ಎಷ್ಟ ವರ್ಷದಿಂದ ಇವಕ್ಕ ಮುಸುರಿ ಹಾಕಾಕತ್ತೀರಿ?" ಎಂದು ಅಂದೇ ಕೇಳಿದ್ದೆ. ಅವರು ಇನ್ನೂ ಹೇಳಿಲ್ಲ.