ಗಿರಿಜಕ್ಕನ ಬಗ್ಗೆ ನಾನು ಕೊಟ್ಟ ಸಾಕ್ಷಿ

ಕಳೆದ ಮಂಗಳವಾರ ಬೆಳಿಗ್ಗೆ ಸಾರಿನ ಪುಡಿಗೆ ಧನಿಯಾ ಹುರಿಯುತ್ತಿದ್ದೆ. ಅಮೆರಿಕದ ಮಾರಿಸ್‌ವಿಲ್‌ನ ಟೌನ್‌ಹೌಸುಗಳಲ್ಲಿ ಇದೊಂದು ಸಾಹಸದ ಕೆಲಸ. ಒಲೆಯ ಮೇಲಿನ ಫ್ಯಾನು ಹೆಸರಿಗೆ ಮಾತ್ರ ಇದೆ. ಅದು ಹೊಗೆಯನ್ನು ಎಳೆದುಕೊಂಡು, ಒಂದು ಸುತ್ತು ಹಾಕಿಸಿ, ನಮ್ಮ ಮುಖಕ್ಕೇ ವಾಪಸು ಬಿಡುತ್ತದೆ. ಹಾಗಾಗಿ ಮುಂಬಾಗಿಲು ಹಿಂಬಾಗಿಲು ಎರಡನ್ನೂ ತೆರೆದಿಟ್ಟು, ಸ್ಮೋಕ್ ಅಲಾರಮ್ಮಿನ ಕೆಳಗೆ ಆಗಾಗ ಟವೆಲ್ ಬೀಸಿ ಬಂದು ಹುರಿಯಬೇಕು. ಧನಿಯಾ ಇನ್ನೇನು ಬಣ್ಣ ತಿರುಗಬೇಕು, ಅಷ್ಟರಲ್ಲಿ ತೆರೆದ ಬಾಗಿಲನ್ನು ಯಾರೋ ಮೆಲ್ಲಗೆ ತಟ್ಟಿದರು. ನೋಡಿದರೆ ನೀಲಿ ಕೋಟಿನ ಒಬ್ಬ ತರುಣಿ, ಕೈಯಲ್ಲಿ ಬ್ಯಾಡ್ಜು. ಬಲಗಡೆ ಮನೆಯ ಕ್ಯಾರಲ್, ಸರ್ಕಾರದ ಭದ್ರತಾ ಇಲಾಖೆಯೊಂದರಲ್ಲಿ ಕೆಲಸಕ್ಕೆ ಅರ್ಜಿ ಹಾಕಿದ್ದಾಳಂತೆ. ಪದ್ಧತಿಯ ಪ್ರಕಾರ ನೆರೆಯವರನ್ನು ಕೆಲವು ಪ್ರಶ್ನೆ ಕೇಳಬೇಕಂತೆ.

ಎರಡು ನಿಮಿಷ, ಒಲೆ ಆರಿಸಿ ಬರುತ್ತೇನೆ ಎಂದು ಹೇಳಿ ಒಳಗೆ ಬಂದೆ. ಒಲೆ ಆರಿಸಲು ಎರಡು ಸೆಕೆಂಡು ಸಾಕು. ಮಿಕ್ಕ ಸಮಯ ನನಗೆ ಬೇಕಾಗಿತ್ತು. ಇದೇ ಬಾಗಿಲಲ್ಲಿ, ಇದೇ ಧನಿಯಾ ವಾಸನೆಯ ನಡುವೆ, ಇಂಥದೇ ಬ್ಯಾಡ್ಜಿನ ಮುಂದೆ ನಿಂತು ನಾನು ಹಿಂದೊಮ್ಮೆ ಒಬ್ಬ ಒಳ್ಳೆಯ ಹೆಂಗಸಿನ ಒಂದೂವರೆ ವರ್ಷವನ್ನು ಹಾಳುಮಾಡಿದ್ದೆ. ಆ ತರುಣಿ ಬಾಗಿಲಲ್ಲಿ ಸ್ವಲ್ಪ ನಿಂತಿರಲಿ. ಮೊದಲು ನಿಮಗೆ ಅದನ್ನು ಹೇಳಿಬಿಡುತ್ತೇನೆ.

ನಮ್ಮ ಎಡಗಡೆ ಮನೆ ಗಿರಿಜಕ್ಕನದು. ಗದಗಿನವಳು. ಆಸ್ಪತ್ರೆ, ನೀರು, ಕರೆಂಟು ಇಂಥವುಗಳ ಕಂಪ್ಯೂಟರಿನೊಳಗೆ ಕಳ್ಳರು ನುಗ್ಗದಂತೆ ಕಾಯುವುದು ಅವಳ ಕಸುಬು. ನಾವು ಈ ಮನೆಗೆ ಬಂದ ದಿನ ನಾನು ಪೆಟ್ಟಿಗೆಗಳ ನಡುವೆ ಪೆಚ್ಚಾಗಿ ನಿಂತಿದ್ದಾಗ ಬೇಲಿಯ ಆಚೆಯಿಂದ ಅವಳ ದನಿ ಕೇಳಿಸಿತು. "ಏನವಾ, ಮೈಸೂರಾಕಿ ಏನ್ ನೀ? ಮಾತು ಕೇಳಿದ್ರನ ಗೊತ್ತಾಗ್ತೈತಿ. ಬಾ, ಮೊದಲ ರೊಟ್ಟಿ ತಿನ್ನು, ಆಮ್ಯಾಲೆ ಪೆಟಗಿ ಬಿಚ್ಚಾಕಂತಿ." ಅವಳಿಗೆ ಮೆಲ್ಲಗೆ ಮಾತಾಡುವುದು ಗೊತ್ತೇ ಇಲ್ಲ. ಬೆಳಿಗ್ಗೆ ವಾಕಿಂಗ್ ಹೋಗುತ್ತಾ ಫೋನನ್ನು ಸ್ಪೀಕರಿಗೆ ಹಾಕಿ ಗದಗಿನಲ್ಲಿರುವ ಅವ್ವನ ಜೊತೆ ಮಾತಾಡುತ್ತಾಳೆ. ಅವರ ಓಣಿಯಲ್ಲಿ ಯಾರ ಮನೆಯ ಎಮ್ಮೆ ಈಯಿತು, ಯಾವ ಸೊಸೆ ಮುನಿಸಿಕೊಂಡು ಹೋದಳು ಎಂಬುದು ಕನ್ನಡ ಬಾರದ ಕ್ಯಾರಲ್‌ಗೂ ಸುಮಾರಾಗಿ ಅರ್ಥವಾಗುತ್ತಿತ್ತು ಎಂದು ನನ್ನ ಗುಮಾನಿ.

ಗಿರಿಜಕ್ಕ ಈ ದೇಶದ ಪೌರಳಾಗಿ ಆಗಲೇ ಬಹಳ ವರ್ಷವಾಗಿತ್ತು. ಕೊರೋನಾದ ವರ್ಷ ಅವಳಿಗೆ ವಾಷಿಂಗ್ಟನ್ ಕಡೆ ಒಂದು ಸರ್ಕಾರಿ ಕೆಲಸ ಸಿಕ್ಕಿತು. ಇಲ್ಲಿ ಮಾಡುತ್ತಿದ್ದುದೇ, ಆದರೆ ದೇಶಕ್ಕೆಲ್ಲ ಮಾಡುವಂಥದ್ದು. ಅವಳ ಮುಖದಲ್ಲಿ ಅಷ್ಟು ಸಂತೋಷವನ್ನು ನಾನು ನೋಡಿರಲಿಲ್ಲ. ಅವಳನ್ನು ನಂಬಬಹುದೇ ಎಂಬ ವಿಚಾರಣೆಯೊಂದು ಮುಗಿಯಬೇಕಿತ್ತು, ಅಷ್ಟೆ. ಆ ವಿಚಾರಣೆಗೆಂದು ಒಬ್ಬ ಮನುಷ್ಯ ಮಾಸ್ಕ್ ಹಾಕಿಕೊಂಡು ನಮ್ಮ ಮನೆಗೆ ಬಂದು, ಆರಡಿ ದೂರದಲ್ಲಿ ನಿಂತು, ನೋಟ್‌ಬುಕ್ ತೆರೆದ.

ನನಗೆ ಆಗಿನ್ನೂ ಗ್ರೀನ್ ಕಾರ್ಡು ಬಂದ ಹೊಸತು. ಬ್ಯಾಡ್ಜು ಕಂಡರೆ ಸಾಕು, ಈಜುಕೊಳದ ಬಾಗಿಲು ಕಾಯುವವನಿಗೂ ಪಾಸ್‌ಪೋರ್ಟು ತೋರಿಸಲು ಸಿದ್ಧಳಾಗಿದ್ದ ಕಾಲ. ಹೆದರಿಕೆಯಲ್ಲಿ ಮನುಷ್ಯರಿಗೆ ಬಾಯಿ ಕಟ್ಟುತ್ತದೆ ಎನ್ನುತ್ತಾರೆ. ನನಗೆ ಬಾಯಿ ಬಿಚ್ಚುತ್ತದೆ.

ಇಲ್ಲಿ ನಮ್ಮಮ್ಮನ ವಿಷಯ ಸ್ವಲ್ಪ ಹೇಳಬೇಕು. ಮೈಸೂರಿನ ನಮ್ಮ ಬೀದಿಯಲ್ಲಿ ಮದುವೆ ವಯಸ್ಸಿಗೆ ಬಂದ ಹೆಣ್ಣುಮಕ್ಕಳ ಬಗ್ಗೆ ಗಂಡಿನ ಕಡೆಯವರು ಗುಟ್ಟಾಗಿ ವಿಚಾರಿಸಲು ಬಂದರೆ ಮೊದಲು ತಟ್ಟುತ್ತಿದ್ದುದು ನಮ್ಮ ಬಾಗಿಲನ್ನು. ನಾವು ಮೂಲೆಮನೆಯವರು, ಅದಕ್ಕೆ. ಅಡ್ರೆಸ್ ಕೇಳುವ ನೆಪದಲ್ಲಿ ಬಂದು, ನೀರು ಕುಡಿದು, ಆಮೇಲೆ ಮೆಲ್ಲಗೆ "ಆ ಹಸಿರು ಗೇಟಿನ ಮನೆ ಹುಡುಗಿ ಹೇಗೆ?" ಎನ್ನುತ್ತಿದ್ದರು. ಅಮ್ಮನ ಉತ್ತರ ಎಲ್ಲ ಹುಡುಗಿಯರಿಗೂ ಒಂದೇ. "ಬಂಗಾರದಂಥ ಹುಡುಗಿ. ತಾಯಿ ಅಂದ್ರೆ ಪ್ರಾಣ. ಅಣ್ಣತಮ್ಮಂದಿರನ್ನ ಬಿಟ್ಟಿರೋಳಲ್ಲ." ತವರಿನ ಮೇಲೆ ಜೀವ ಇಟ್ಟುಕೊಂಡವಳು ಸೇರಿದ ಮನೆಯ ಮೇಲೂ ಜೀವ ಇಟ್ಟುಕೊಳ್ಳುತ್ತಾಳೆ ಎಂಬುದು ಅಲ್ಲಿಯ ತರ್ಕ. ತಾಯಿಗೆ ದಿನಾ ಫೋನು ಮಾಡುವ ಸೊಸೆ ತಮ್ಮ ಮನೆಯ ಗುಟ್ಟು ಸಾಗಿಸುತ್ತಾಳೆ ಎಂದು ಯಾರೂ ಹೇಳುವುದಿಲ್ಲ. ಕೆಲವು ಅತ್ತೆಯರು ಹೇಳುತ್ತಾರೆ, ಒಪ್ಪಿದೆ, ಆದರೆ ಬೀದಿಯವರು ಅವರ ಮಾತಿಗೆ ಬೆಲೆ ಕೊಡುವುದಿಲ್ಲ.

ಆ ಮಾಸ್ಕಿನ ಮನುಷ್ಯ ಗಿರಿಜಕ್ಕನ ಬಗ್ಗೆ ನಿಮಗೇನು ಗೊತ್ತು ಎಂದು ಕೇಳಿದ್ದೇ ತಡ, ನಾನು ನಮ್ಮಮ್ಮನಾಗಿಬಿಟ್ಟೆ. ಅವಳಿಗೆ ತಾಯಿ ಎಂದರೆ ಪ್ರಾಣ, ದಿನಾ ಒಂದು ಗಂಟೆ ಮಾತಾಡುತ್ತಾಳೆ ಎಂದೆ. ಪ್ರತಿವರ್ಷ ತಪ್ಪದೆ ಊರಿಗೆ ಹೋಗುತ್ತಾಳೆ, ಗದಗಿನ ಮನೆಯಲ್ಲಿ ಅವಳಿಗೂ ಪಾಲಿದೆ, ಎಷ್ಟು ಕೊಟ್ಟರೂ ಮಾರುವುದಿಲ್ಲ ಎಂದೆ. ಭಾರತ ಮ್ಯಾಚು ಗೆದ್ದರೆ ಬೀದಿಗೆಲ್ಲ ಪೇಢೆ ಹಂಚುತ್ತಾಳೆ ಎಂದೆ. ತಾಯ್ನಾಡಿನ ಮೇಲೆ ಅವಳಿಗೆ ಬಹಳ ಪ್ರೀತಿ ಎನ್ನಬಹುದೇ ಎಂದು ಅವನು ವಿನಯದಿಂದ ಕೇಳಿದ. ಬಹಳ ಅಂದರೆ ಬಹಳ ಎಂದೆ. ಅವನು ಒಂದಕ್ಷರ ಬಿಡದೆ ಬರೆದುಕೊಂಡ. ನನ್ನ ಸಾಕ್ಷಿಗೆ ಇಷ್ಟು ಮರ್ಯಾದೆ ಸಿಕ್ಕಿದ್ದು ಅದೇ ಮೊದಲು. ಹೊರಡುವಾಗ ಚಕ್ಕುಲಿ ಕೊಡಲು ಹೋದೆ. ನಿಯಮದ ಪ್ರಕಾರ ತೆಗೆದುಕೊಳ್ಳುವಂತಿಲ್ಲ ಎಂದು ಕೈಮುಗಿದ.

ಮಗಳು ಸ್ಕೂಲಿನ ಆನ್‌ಲೈನ್ ಕ್ಲಾಸು ಮುಗಿಸಿ ಕೆಳಗಿಳಿದು ಬಂದಾಗ ಹೆಮ್ಮೆಯಿಂದ ಎಲ್ಲ ಹೇಳಿದೆ. ಅವಳು ತಲೆ ಮೇಲೆ ಕೈಯಿಟ್ಟುಕೊಂಡಳು.

"ಓ ಮೈ ಗಾಡ್, ಅಮ್ಮಾ! ಶೀ ಲವ್ಸ್ ಇಂಡಿಯಾ ಅಂತ ಹೇಳಿದ್ಯಾ? ಲಿಟರಲಿ?"

"ಹೂಂ ಕಣೆ. ಇನ್ನೇನು ಹೇಳ್ಬೇಕಿತ್ತು?"

"ನಥಿಂಗ್! ಗುಡ್ ನೇಬರ್ ಅಂತ ಹೇಳಿ ಬಾಗಿಲು ಹಾಕ್ಬೇಕು!"

ಆ ಮನುಷ್ಯ ಹೆಣ್ಣು ನೋಡಲು ಬಂದವನಲ್ಲ ಎಂಬುದು ಹದಿನೈದು ವರ್ಷದ ಹುಡುಗಿಗೆ ಹೊಳೆದದ್ದು ನನಗೆ ಹೊಳೆದಿರಲಿಲ್ಲ.

ಮುಂದಿನದು ನೀವು ಊಹಿಸಬಹುದು. ಎರಡು ತಿಂಗಳಲ್ಲಿ ಮುಗಿಯಬೇಕಾದ ವಿಚಾರಣೆ ಎಳೆಯುತ್ತಲೇ ಹೋಯಿತು. ಗಿರಿಜಕ್ಕನನ್ನು ಮತ್ತೆ ಕರೆದರು, ಮೂರನೆಯ ಸಲವೂ ಕರೆದರು. ತಮ್ಮಂದಿರು ಏನು ಮಾಡುತ್ತಾರೆ, ಮನೆಯ ಪಾಲು ಏಕೆ ಬಿಟ್ಟುಕೊಟ್ಟಿಲ್ಲ, ಅವ್ವನ ಜೊತೆ ಅಷ್ಟು ಹೊತ್ತು ಏನು ಮಾತು? ಅವಳ ಜೊತೆಯಲ್ಲೇ ಆಯ್ಕೆಯಾದ ಇನ್ನೊಬ್ಬನ ಹೆಂಡತಿ ಐರ್ಲೆಂಡಿನವಳು. ಅವನು ವಾರವಾರ ಅತ್ತೆಮಾವನಿಗೆ ಫೋನು ಮಾಡುತ್ತಿದ್ದ, ಬೇಸಿಗೆಯಲ್ಲಿ ಅಲ್ಲಿಗೆ ಹೋಗುತ್ತಿದ್ದ. ಅವನ ವಿಚಾರಣೆ ಏಳು ವಾರದಲ್ಲಿ ಮುಗಿಯಿತು. ಇವಳದು ಒಂದೂವರೆ ವರ್ಷದ ಮೇಲೆ, ಯಾವ ದೋಷವೂ ಕಾಣಲಿಲ್ಲ ಎಂಬ ಕಾಗದದೊಂದಿಗೆ ಮುಗಿಯಿತು. ಅಷ್ಟು ಹೊತ್ತಿಗೆ ಆ ಹುದ್ದೆಯನ್ನೇ ತೆಗೆದುಹಾಕಿದ್ದರು.

ನಾನು ಮಾಡಿದ್ದನ್ನು ಅವಳಿಗೆ ಹೇಳಲಿಲ್ಲ. ಪ್ರತಿ ಶುಕ್ರವಾರ ಅವಳು ರೊಟ್ಟಿ, ಎಣ್ಣೆಗಾಯಿ ತಂದುಕೊಡುತ್ತಿದ್ದಳು. ಅದು ಗಂಟಲಲ್ಲಿ ಇಳಿಯುತ್ತಿರಲಿಲ್ಲ ಎಂದು ಬರೆದರೆ ಚೆನ್ನಾಗಿರುತ್ತದೆ, ಆದರೆ ಸುಳ್ಳಾಗುತ್ತದೆ. ಇಳಿಯುತ್ತಿತ್ತು, ಸೊಗಸಾಗಿಯೇ ಇಳಿಯುತ್ತಿತ್ತು. ಡಬ್ಬಿ ತೊಳೆದು ವಾಪಸು ಕೊಡುವಾಗ ಮಾತ್ರ ಅವಳ ಮುಖ ನೋಡಲು ನನ್ನಿಂದ ಆಗುತ್ತಿರಲಿಲ್ಲ.

ಬೇರೆಯವರಾಗಿದ್ದರೆ ಸುಮ್ಮನಾಗುತ್ತಿದ್ದರು. ಗಿರಿಜಕ್ಕ ಕಾಂಗ್ರೆಸ್ಸಿಗೆ ನಿಂತಳು. ಅಂದರೆ ಇಲ್ಲಿಯ ಸಂಸತ್ತಿಗೆ, ಆಗ ಸ್ಥಾನದಲ್ಲಿದ್ದವರ ವಿರುದ್ಧ. ಸುದ್ದಿ ಕೇಳಿ ನಮ್ಮವರಿಗೆಲ್ಲ ಗಾಬರಿಯಾಯಿತು. "ನಮಗ್ಯಾಕೆ ಬೇಕು ಇದೆಲ್ಲ? ಹಾಫ್ ಆಫ್ ಅಸ್ ವೀಸಾದಲ್ಲಿದ್ದೀವಿ, ತಲೆ ತಗ್ಗಿಸ್ಕೊಂಡು ಕೆಲಸ ಮಾಡೋದು ಬಿಟ್ಟು" ಎಂದು ಪಾಟ್‌ಲಕ್ಕು ಊಟಗಳಲ್ಲಿ ಬಿಸಿಬೇಳೆಬಾತು ಬಡಿಸಿಕೊಳ್ಳುತ್ತಾ ಅಂದರು. ಗಿರಿಜಕ್ಕ ಅವರಿಗೆ ಕೊಟ್ಟ ಉತ್ತರ ನನಗೆ ನೆನಪಿದೆ. "ತಲಿ ತಗ್ಗಿಸಿ ಹದಿನೆಂಟ್ ತಿಂಗಳ ಕುಂತಿದ್ದೆ. ಕುತ್ತಿಗಿ ನೋವು ಬಂತು. ಅಷ್ಟ ಸಿಕ್ಕಿದ್ದು."

ನಾನು ಅಷ್ಟರಲ್ಲಿ ಪ್ರಮಾಣವಚನ ತೆಗೆದುಕೊಂಡು ಪೌರಳಾಗಿದ್ದೆ. ಅವಳ ಕರಪತ್ರ ಹಿಡಿದು ಮನೆಮನೆ ಸುತ್ತಿದೆ. ಸೇವೆ ಎಂದು ಬೀಗುವುದಿಲ್ಲ, ಅದು ಪ್ರಾಯಶ್ಚಿತ್ತ. ಒಂದು ಭಾನುವಾರ ಮಧ್ಯಾಹ್ನ ನಮ್ಮ ಕ್ಲಬ್‌ಹೌಸಿನಲ್ಲಿ ಅವಳ ಸಭೆ. ಎಲ್ಲ ಬಣ್ಣದವರೂ ಸೇರಿ ಒಂದು ಅರವತ್ತು ಜನ ಬಂದಿದ್ದರು. ಗಿರಿಜಕ್ಕ ಕಾಟನ್ ಸೀರೆ ಉಟ್ಟು, ಮೈಕು ಬೇಡವೆಂದು ಪಕ್ಕಕ್ಕಿಟ್ಟು ಮಾತಾಡಿದಳು. ಅವಳ ಇಂಗ್ಲಿಷಿನಲ್ಲೂ ಗದಗಿನ ಗಡಸು ಇದೆ. ಅವಳು ಹೇಳಿದ್ದರ ಸಾರ ಇಷ್ಟು.

ನನ್ನನ್ನು ವಿಚಾರಿಸಿದ್ದಕ್ಕೆ ನನಗೆ ಸಿಟ್ಟಿಲ್ಲ. ಕಾವಲಿಗೆ ನಿಲ್ಲುವವರನ್ನು ವಿಚಾರಿಸಲೇಬೇಕು. ಆದರೆ ಎಲ್ಲರನ್ನೂ ಒಂದೇ ತಕ್ಕಡಿಯಲ್ಲಿ ತೂಗಿ. ಈ ದೇಶದಲ್ಲಿ ಹುಟ್ಟಿದವರದು ಒಂದು ಪೌರತ್ವ, ಕೈಯೆತ್ತಿ ಆಣೆ ಮಾಡಿ ಬಂದವರದು ಇನ್ನೊಂದು ಪೌರತ್ವ ಎಂದು ಯಾವ ಕಾನೂನಿನಲ್ಲೂ ಬರೆದಿಲ್ಲ. ನನ್ನನ್ನು ಅನುಮಾನಿಸುತ್ತಾ ಕೂತ ಒಂದೂವರೆ ವರ್ಷ ಆ ಕುರ್ಚಿ ಖಾಲಿ ಇತ್ತು. ಕಳ್ಳರಿಗೆ ರಜೆ ಇರಲಿಲ್ಲ. ದೇಶಕ್ಕೆ ಅಪಾಯ ಇದ್ದದ್ದು ನನ್ನಿಂದಲೋ, ಆ ಖಾಲಿ ಕುರ್ಚಿಯಿಂದಲೋ, ನೀವೇ ಹೇಳಿ.

ಜನ ಚಪ್ಪಾಳೆ ತಟ್ಟಿದರು. ಆಮೇಲೆ ಮುಂದಿನ ಸಾಲಿನಲ್ಲಿ ಕೂತಿದ್ದ ಬಿಳಿ ಮೀಸೆಯ ಅಜ್ಜನೊಬ್ಬ ಎದ್ದ. ಸಭ್ಯ ಮನುಷ್ಯ, ಟೊಪ್ಪಿ ತೆಗೆದು ಕೈಯಲ್ಲಿ ಹಿಡಿದಿದ್ದ. ಮೇಡಂ, ತಪ್ಪು ತಿಳಿಯಬೇಡಿ, ನಾಳೆ ಎರಡು ದೇಶಗಳಿಗೆ ಮನಸ್ತಾಪ ಬಂದರೆ ನಿಮ್ಮ ಹೃದಯ ಎಲ್ಲಿರುತ್ತದೆ? ಇದು ನ್ಯಾಯವಾದ ಪ್ರಶ್ನೆಯೇ ಅಲ್ಲವೇ, ಎಂದ.

ಗಿರಿಜಕ್ಕ ಬಾಯಿ ತೆರೆಯುವ ಮೊದಲೇ ನಾನು ಎದ್ದು ನಿಂತಿದ್ದೆ. ಮೈಯೆಲ್ಲ ಬೆಂಕಿ ಹತ್ತಿದ ಹಾಗೆ ಸಿಟ್ಟು. ಅದರಲ್ಲಿ ಅರ್ಧ ಸಿಟ್ಟು ನನ್ನ ಮೇಲೇ. ಈ ಪ್ರಶ್ನೆಯನ್ನು ಅವಳ ಬಗ್ಗೆ ನನ್ನ ಮನೆ ಬಾಗಿಲಿಗೇ ಬಂದು ಕೇಳಿದ್ದರು ಸಾರ್, ನಾನು ಹೆದರಿ ಉತ್ತರ ಕೊಟ್ಟೆ, ಅದಕ್ಕೆ ಅವಳು ಬೆಲೆ ತೆತ್ತಳು, ಎಂದೆ. ಈಗ ನೀವು ಹೇಳಿ, ನಿಮ್ಮ ಹೃದಯ ಎಲ್ಲಿದೆ ಎಂದು ನಿಮ್ಮ ಜೀವಮಾನದಲ್ಲಿ ಯಾರಾದರೂ ಕೇಳಿದ್ದಾರೆಯೇ?

ಅಜ್ಜ ನಿಜವಾಗಿಯೂ ಯೋಚಿಸಿದ. ಅದಕ್ಕಾಗಿ ಅವನ ಮೇಲೆ ನನಗೆ ಇವತ್ತಿಗೂ ಗೌರವ. ಟೊಪ್ಪಿಯನ್ನು ಒಂದು ಸುತ್ತು ತಿರುಗಿಸಿ, ಇಲ್ಲ, ಯಾರೂ ಕೇಳಿಲ್ಲ ಎಂದು ಹೇಳಿ ಕೂತ.

ಸಭೆ ಮುಗಿದು ಕುರ್ಚಿ ಮಡಚುತ್ತಿರುವಾಗ ಗಿರಿಜಕ್ಕನ ಕೈ ಹಿಡಿದು ಎಲ್ಲ ಒದರಿಬಿಟ್ಟೆ. ಅವ್ವನ ಫೋನು, ಮನೆಯ ಪಾಲು, ಪೇಢೆ. ಅವಳು ಕುರ್ಚಿ ಮಡಚುವುದನ್ನು ನಿಲ್ಲಿಸಲಿಲ್ಲ.

"ನಂಗ ಗೊತ್ತೈತಿ."

"ಏನು ಗೊತ್ತು?"

"ನನ್ನ ಫೈಲ್ ನಾನ ಅಪ್ಲೈ ಮಾಡಿ ತರಿಸಿದ್ದೆ, ಮೂರ್ ವರ್ಷ ಆತು. ಸಾಕ್ಷಿ ಹೇಳಿದವರ ಹೆಸರಿನ ಮ್ಯಾಲೆ ಕರೀ ಬಳದಿದ್ರು. ಆದ್ರ ಪೇಢೆ ಹಂಚ್ತಾಳ ಅಂತ ಸರ್ಕಾರಕ್ಕ ಹೇಳಾಕಿ ಈ ಊರಾಗ ನೀ ಒಬ್ಬಾಕಿನ."

ಮೂರು ವರ್ಷ! ಅಂದರೆ ಎಷ್ಟು ಶುಕ್ರವಾರದ ರೊಟ್ಟಿ. ನನಗೆ ಅಳು ತಡೆಯಲಾಗಲಿಲ್ಲ. "ಬೈಬಾರ್ದಿತ್ತಾ ಗಿರಿಜಕ್ಕಾ, ಒಂದು ಸಲ?" ಎಂದೆ.

"ಯಾಕ ಬೈಲಿ? ನೀ ಸುಳ್ಳ ಏನರ ಹೇಳಿದ್ಯಾ? ನಮ್ಮವ್ವ ಅಂದ್ರ ನಂಗ ಜೀವಾನ. ನಾಳೆ ಮತ್ತ ಕೇಳಿದ್ರೂ ಹಂಗ ಹೇಳು. ಬರಕೊಂಡಾಂವಂದು ತಪ್ಪು, ನಿಂದಲ್ಲ. ಹೂಂ, ಆ ಕಡೆ ಕುರ್ಚಿ ಹಿಡಿ."

ಚುನಾವಣೆಯಲ್ಲಿ ಗಿರಿಜಕ್ಕ ಸೋತಳು. ಸಣ್ಣಪುಟ್ಟ ಸೋಲೂ ಅಲ್ಲ. ಮರುದಿನ ಬೆಳಿಗ್ಗೆ ಕಿಟಕಿಯಿಂದ ನೋಡಿದರೆ ವಾಕಿಂಗ್ ಹೊರಟಿದ್ದಾಳೆ, ಫೋನು ಸ್ಪೀಕರಿನಲ್ಲಿ, ಬೀದಿಗೆಲ್ಲ ಕೇಳುವಂತೆ. "ಬಿದ್ದೆ ಅಂದ್ರ ಏನಾತ ಬೇ? ಮತ್ತ ನಿಂದರ್ತೀನಿ." ಈಗ ಮತ್ತೆ ನಿಲ್ಲುವ ತಯಾರಿಯಲ್ಲಿದ್ದಾಳೆ. ನಮ್ಮ ಗ್ಯಾರೇಜಿನಲ್ಲಿ ಕಾರಿಗೆ ಜಾಗವಿಲ್ಲ, ಎಲ್ಲ ಅವಳ ಕರಪತ್ರ.

ಪಾಪ, ಆ ತರುಣಿ ಇನ್ನೂ ಬಾಗಿಲಲ್ಲೇ ಇದ್ದಳು. ಹೋಗಿ ಮುಂದೆ ನಿಂತೆ. ಕ್ಯಾರಲ್ ಕುಡಿಯುತ್ತಾಳೆಯೇ? ನನ್ನ ಮನೆಯಲ್ಲಿ ಕಾಫಿ, ದಿನಾ. ಜಗಳಗಂಟಿಯೇ? ಅಲ್ಲ. ತಾಯಿ ಎಲ್ಲಿದ್ದಾರೆ ಎಂದು ಆಕೆ ಕೇಳಲಿಲ್ಲ. ಕೊನೆಗೆ, ವಿದೇಶೀಯರ ಜೊತೆ ಕ್ಯಾರಲ್‌ಗೆ ನಿಕಟ ಸಂಪರ್ಕ ಇದೆಯೇ ಎಂದು ಕೇಳಿ, ತಲೆಯೆತ್ತಿ ನನ್ನ ಹಣೆಯ ಕುಂಕುಮವನ್ನು ಒಂದು ಕ್ಷಣ ನೋಡಿದಳು.

ಹಳೆಯ ಬಾಯಿ ತುರಿಸಿತು. ನಾನು ಯಾವಾಗ ಬಂದೆ, ಯಾವ ದಿನ ಪ್ರಮಾಣ ಮಾಡಿದೆ, ಸರ್ಟಿಫಿಕೇಟು ಮೇಲಿನ ಡ್ರಾಯರಿನಲ್ಲಿದೆ, ತರಲೇ? ಅದೇನನ್ನೂ ಹೇಳಲಿಲ್ಲ.

"ನನಗೆ ತಿಳಿದ ಹಾಗೆ ಇಲ್ಲ" ಎಂದೆ. "ಅವಳ ಸ್ನೇಹ ಹೆಚ್ಚಾಗಿ ನನ್ನ ಜೊತೆ. ನಾನು ಅಮೆರಿಕನ್."

ಆಕೆಯ ಮುಖ ಕೆಂಪಾಯಿತು. ಬರೆದುಕೊಂಡಳು. ಇದೆಲ್ಲ ಮುಗಿಯಲು ಎಷ್ಟು ದಿನ ಬೇಕಾಗಬಹುದು ಎಂದು ಕೇಳಿದೆ. ಹೆಚ್ಚೆಂದರೆ ಎರಡು ತಿಂಗಳು ಎಂದಳು.

ಎಡಗಡೆ ಮನೆಯ ಹೆಂಗಸಿಗೆ ಹದಿನೆಂಟು ತಿಂಗಳು ಹಿಡಿಯಿತು, ಅದನ್ನೂ ಬರೆದುಕೊಳ್ಳಿ ಎಂದೆ. ಅದು ಈ ವಿಚಾರಣೆಗೆ ಸಂಬಂಧಿಸಿದ್ದಲ್ಲ ಎಂದಳು ಆಕೆ. ಗೊತ್ತು, ಆದರೂ ಬರೆದುಕೊಳ್ಳಿ, ಈ ಸಲ ನನ್ನ ಹೆಸರಿನ ಮೇಲೆ ಕಪ್ಪು ಬಳಿಯಬೇಡಿ ಎಂದೆ. ಆಕೆ ನನ್ನನ್ನೇ ನೋಡುತ್ತಾ ನಿಂತಳು. ನಾನೂ ನಿಂತೆ. ಅವಳು ಹಾಳೆ ತಿರುವಿ, ಪೆನ್ನು ಒತ್ತಿ, ಎಡಗಡೆ ಮನೆಯ ಆ ಹೆಂಗಸಿನ ಹೆಸರೇನು ಎಂದು ಕೇಳುವವರೆಗೂ ನಾನು ಬಾಗಿಲು ಹಾಕಲಿಲ್ಲ.