ಅಲ್ಯೂಮಿನಿಯಂ ತುಂಡುಗಳಿಗೆ ಮೀನಂಗಡಿಯ ಐಸು

ಅಮ್ಮ ಜಾರಿಬಿದ್ದು ಕಾಲು ಉಳುಕಿಸಿಕೊಂಡಳೆಂದು ಫೋನು ಬಂದಾಗ ನಾನು ಮೈಸೂರಿನ ಲ್ಯಾಬಿನಲ್ಲಿದ್ದೆ. ತಾಮ್ರ ಬೆರೆತ ಅಲ್ಯೂಮಿನಿಯಂ ತುಂಡುಗಳನ್ನು ಕುಲುಮೆಯಲ್ಲಿ ಕಾಯಿಸಿ ಆಗಷ್ಟೇ ನೀರಿಗೆ ಹಾಕಿದ್ದೆ. ಹಾಗೆ ತಟ್ಟನೆ ತಣಿಸಿದ ಲೋಹದೊಳಗೆ ಪರಮಾಣುಗಳಿಲ್ಲದ ಖಾಲಿ ಜಾಗಗಳು ಉಳಿದುಬಿಡುತ್ತವೆ. ತಾಮ್ರದ ಪರಮಾಣುಗಳು ಆ ಜಾಗಗಳ ಮೂಲಕ ಸರಿದು ಗುಂಪುಗೂಡುತ್ತವೆ. ಲೋಹ ತಾನಾಗಿಯೇ ಗಟ್ಟಿಯಾಗುತ್ತದೆ. ಗಡಸುತನ ಅಳೆಯುವವರೆಗೂ ಅದು ಮೆತ್ತಗಿರಬೇಕಾದರೆ ತಂಪಿನಲ್ಲಿಡಬೇಕು. ಲ್ಯಾಬಿನ ಫ್ರೀಜರ್ ಕೆಟ್ಟಿತ್ತು. ತುಂಡುಗಳನ್ನು ಐಸ್ ಡಬ್ಬಿಗೆ ಹಾಕಿಕೊಂಡು, ಅಮ್ಮನಿರುವ ಬಿಳಿಕೆರೆಯ ಬಸ್ಸು ಹತ್ತಿದೆ.

ಮನೆಯಲ್ಲಿ ಕರೆಂಟಿರಲಿಲ್ಲ. ಅಮ್ಮನ ಕಾಲಿಗೆ ಪಟ್ಟಿ ಸುತ್ತುವಾಗಲೂ ನನ್ನ ಕಣ್ಣು ಡಬ್ಬಿಯ ಮೇಲೆಯೇ ಇತ್ತು. ಐಸು ಕರಗಿ ನೀರಾದಾಗ ತಡೆಯಲಾಗದೆ ಹೆದ್ದಾರಿ ಬದಿಯ ಮೀನಂಗಡಿಗೆ ಓಡಿ ಐಸು ತಂದೆ. ಲಿಂಗ ಕಟ್ಟಿದ ಅಮ್ಮ ಸೆರಗಿನಿಂದ ಮೂಗು ಮುಚ್ಚಿಕೊಂಡಳು.

"ಅದ್ನ ಒಳೀಕ್ ತರಬ್ಯಾಡ ಕಣವ್ವ, ಜಗಲಿ ಮ್ಯಾಲೇ ಮಡಗು. ಏನೈತೆ ಅದ್ರಲ್ಲಿ, ಔಷ್ದಿನಾ?"

"ಅಲ್ಯೂಮಿನಿಯಂ ಕಣಮ್ಮ. ತಂಪು ಹೋದ್ರೆ ಅಂಗಂಗೇ ಗಟ್ಟಿ ಆಗ್ಬುಡ್ತದೆ."

"ಗಟ್ಟಿ ಆದ್ರೆ ಒಳ್ಳೇದೇ ಬುಡು. ಬಂದಾಗ್ನಿಂದ ಒಂದ್ ಕಡೆ ಕುಂತಿಲ್ಲ ನೀನು."

ಕೂತೆ. ಕೂತಲ್ಲಿ ಕೂರಲಾಗದೆ ಜಗಲಿಗೆ ಹೋಗಿ ಮುಚ್ಚಳ ತೆಗೆದು ನೋಡಿ ಬಂದೆ. ಮತ್ತೆ ಹೋದೆ. ಕತ್ತಲಾಗುವವರೆಗೂ ಇದೇ ಆಯಿತು.

ಮರುದಿನ ಲ್ಯಾಬಿನಲ್ಲಿ ಅಳೆದಾಗ ತುಂಡುಗಳು ಆಗಲೇ ಗಟ್ಟಿಯಾಗಿದ್ದವು. ಐಸು ಮುಗಿದು ಹೊಸದು ಬರುವಷ್ಟರಲ್ಲೇ ತಾಮ್ರ ಗುಂಪುಗೂಡುವ ಕೆಲಸ ಶುರುವಾಗಿತ್ತೇನೋ. ಮತ್ತೆ ಕಾಯಿಸಿದರೆ ಆ ಗುಂಪುಗಳೆಲ್ಲ ಕರಗಿ ಲೋಹ ಮೊದಲಿನಂತಾಗುತ್ತದೆ ಎಂಬುದೊಂದೇ ಸಮಾಧಾನ. ಕುಲುಮೆಯ ಸ್ವಿಚ್ಚು ಹಾಕಿ, ಅದು ಕಾಯುವವರೆಗೆ ಅಮ್ಮನೊಂದಿಗೆ ಫೋನಿನಲ್ಲಿ ಮಾತಾಡಿದೆ. ಕಾಲಿನ ಊತ ಇಳಿದಿತ್ತಂತೆ.