ಕ್ಯಾಮೆರಾ ಅಕ್ಕನ ನಾಲ್ಕು ನಿಮಿಷ

ಕ್ಯಾಮೆರಾ ಅಕ್ಕನ ಕಣ್ಣಿಗೆ ಮಣ್ಣೆರಚುವವನು ಇನ್ನೂ ಹುಟ್ಟಿಲ್ಲ ಎಂದು ಬೀದಿಯವರು ಹೇಳುತ್ತಿದ್ದರು. ಬೀದಿಯವರ ಮಾತು ಹಾಗಿರಲಿ, ದಿನಕ್ಕೆ ಎರಡು ಸಲ ಅವಳೇ ಹೇಳಿಕೊಳ್ಳುತ್ತಿದ್ದಳು. ಜಂಬ ಅಂತೀರೋ, ಧೈರ್ಯ ಅಂತೀರೋ, ನಿಮಗೆ ಬಿಟ್ಟದ್ದು. ಹಳೆಯ ಕ್ಯಾಮೆರಾ, ಲೆನ್ಸುಗಳನ್ನು ಕೊಂಡು, ಬಿಚ್ಚಿ, ಒರೆಸಿ, ಸರಿಮಾಡಿ ಆನ್‌ಲೈನ್‌ನಲ್ಲಿ ಮಾರುವುದು ಅವಳ ಕಸುಬು. ಮದುವೆಗೆ ಮುಂಚೆ ಹತ್ತು ವರ್ಷ ಒಂದು ಸ್ಟುಡಿಯೋದ ರಿಪೇರಿ ಮೇಜಿನ ಮುಂದೆ ಕೂತು ಕಲಿತದ್ದು. ಲೆನ್ಸನ್ನು ಕಿಟಕಿಯ ಬೆಳಕಿಗೆ ಒಮ್ಮೆ ಓರೆ ಹಿಡಿದರೆ ಸಾಕು, ಒಳಗೆ ಬೂಷ್ಟು ಹಿಡಿದಿದೆಯೋ ಇಲ್ಲವೋ ಹೇಳಿಬಿಡುತ್ತಿದ್ದಳು.

ಮನುಷ್ಯರ ಒಳಗಿನ ಬೂಷ್ಟನ್ನು ಅದಕ್ಕಿಂತ ಬೇಗ ಕಂಡುಹಿಡಿಯುತ್ತೇನೆ ಎಂಬ ನಂಬಿಕೆ ಬೇರೆ. "ದುಡ್ಡು ಹಾಕಿದೀನಿ ನೋಡಿ ಮೇಡಂ" ಎಂದು ಮೊಬೈಲ್ ಪರದೆಯ ಚಿತ್ರ ಕಳಿಸಿದವನಿಗೆ, "ನನ್ನ ಬ್ಯಾಂಕೂ ಹಾಗೇ ಹೇಳ್ಲಿ, ಆಮೇಲೆ ನೋಡ್ತೀನಿ" ಎಂದು ಉತ್ತರ ಬರೆದು ಕಾಲು ಮೇಲೆ ಕಾಲು ಹಾಕಿ ಕೂತಿದ್ದಳು. ಅವನು ಮತ್ತೆ ಉಸಿರೆತ್ತಲಿಲ್ಲ. ಇನ್ನೊಬ್ಬ ಮಹಾನುಭಾವ, ಹೇಳಿದ ಬೆಲೆಗಿಂತ ಹೆಚ್ಚು ಹಾಕಿಬಿಟ್ಟಿದ್ದೇನೆ, ಉಳಿದದ್ದನ್ನು ವಾಪಸ್ ಕಳಿಸಿ ಎಂದಿದ್ದ. "ಉಳಿದಿದ್ರಲ್ಲಿ ಒಂದಿಷ್ಟು ಬುದ್ಧಿ ಕೊಂಡ್ಕೊಳ್ಳಪ್ಪಾ" ಎಂದಳು. ಚೌಕಾಶಿ ಮಾಡದವನನ್ನಂತೂ ಅವಳು ಹತ್ತಿರವೇ ಸೇರಿಸುತ್ತಿರಲಿಲ್ಲ. ದುಬಾರಿ ಸಾಮಾನಿನ ಬೆಲೆ ಕೇಳಿಯೂ ಒಬ್ಬ ಸುಮ್ಮನಿದ್ದಾನೆ ಅಂದರೆ ಕೊಡುವ ಯೋಚನೆಯೇ ಅವನಿಗಿಲ್ಲ ಎಂಬುದು ಅವಳ ಲೆಕ್ಕ.

ಇಷ್ಟರ ಮೇಲೆ ಒಂದು ಕಟ್ಟುನಿಟ್ಟು ಇತ್ತು. ಮುಂದಿನ ಕೋಣೆಯಲ್ಲಿ ರಬ್ಬರ್ ಹಾಸಿದ ಮೇಜು, ಅದರ ಮೇಲೆ ಫೋನ್ ಸಿಕ್ಕಿಸುವ ಸ್ಟ್ಯಾಂಡ್. ಯಾವ ಸಾಮಾನು ಹೊರಟರೂ ಅದನ್ನು ಆನ್ ಮಾಡಿ ತೋರಿಸುವುದು, ಅದರ ನಂಬರನ್ನು ಗಟ್ಟಿಯಾಗಿ ಓದುವುದು, ಪೆಟ್ಟಿಗೆಯಲ್ಲಿಟ್ಟು ಟೇಪ್ ಸುತ್ತುವುದು, ಎಲ್ಲವೂ ಒಂದೇ ವಿಡಿಯೋದಲ್ಲಿ ಬರಬೇಕು. ನಡುವೆ ಎಲ್ಲೂ ನಿಲ್ಲಿಸುವ ಹಾಗಿಲ್ಲ. ಅವಳು ನಂಬರ್ ಓದುವಾಗ ಒಳಗಿನಿಂದ ಅತ್ತೆ, "ಶುರುವಾಯ್ತು ಇವಳ ವಾರ್ತೆ" ಎನ್ನುತ್ತಿದ್ದರು. ಅದೂ ವಿಡಿಯೋದಲ್ಲಿ ದಾಖಲಾಗುತ್ತಿತ್ತು.

ಈ ಕೆಲಸದಲ್ಲಿ ಅವಳ ಬಲಗೈ ಎಂದರೆ ಮೈದುನ. ಮೂವತ್ತೆಂಟು ದಾಟಿದ, ಮದುವೆಯಾಗದ, ಕಡಿಮೆ ಮಾತಿನ ಮನುಷ್ಯ. ಊರೆಲ್ಲ ಅವನನ್ನು ರೇಡಿಯೋ ಎಂದು ಕರೆಯುತ್ತಿತ್ತು. ಬಾಯಿ ಬಿಡದವನಿಗೆ ಇಂಥ ಹೆಸರು ಯಾಕೆ ಎಂದು ಹೊಸಬರು ನಗುತ್ತಿದ್ದರು. ಮನೆಯವರು ಮಾತ್ರ ನಗುತ್ತಿರಲಿಲ್ಲ. ಅವನಿಗೆ ಹದಿನೆಂಟಾಗಿದ್ದಾಗ ಅಪ್ಪನ ರೇಡಿಯೋ ಮನೆಯಿಂದ ಮಾಯವಾಗಿತ್ತು. ಅದೇ ವಾರ ಇವನ ಕಾಲಲ್ಲಿ ಹೊಸ ಚಪ್ಪಲಿ ಕಂಡಿತ್ತು. ಎರಡಕ್ಕೆ ಎರಡು ಕೂಡಿದರೆ ನಾಲ್ಕು ಎಂದು ಮನೆಯವರು ಅಂದೇ ತೀರ್ಮಾನಿಸಿದರು. ಹೆಸರು ಅಂಟಿತು, ಬಿಡಲಿಲ್ಲ.

ಅಕ್ಕ ಸೊಸೆಯಾಗಿ ಬಂದ ಮೊದಲ ತಿಂಗಳಲ್ಲೇ ಈ ಕಥೆ ಅವಳ ಕಿವಿಗೆ ಬಿತ್ತು. "ಬೀರುವಿನ ಬೀಗದಕೈ ಹುಷಾರು" ಎಂದು ಗಂಡನೇ ಹೇಳಿದ್ದ. ಅವಳಿಗೆ ರೇಗಿತು. ಎಲ್ಲರ ಎದುರೇ ಬೀಗದಕೈಯನ್ನು ಮೈದುನನ ಅಂಗೈಗೆ ಹಾಕಿ, "ಪುಟ್ಟ, ನನ್ನ ನೀಲಿ ಡಬ್ಬಿ ತಂದುಕೊಡೋ" ಎಂದಳು. ಅವನು ತಂದುಕೊಟ್ಟ. ಅಂದಿನಿಂದ ಆ ಮನೆಯಲ್ಲಿ ಅವನನ್ನು ಪುಟ್ಟ ಎನ್ನುವವಳು ಅವಳೊಬ್ಬಳೇ, ಅವನು ಕೂತು ಮಾತಾಡುವುದೂ ಅವಳ ಹತ್ತಿರ ಮಾತ್ರ. ಹದಿನಾಲ್ಕು ವರ್ಷ ಹೀಗೆ ನಡೆಯಿತು.

ಈಗ ಆ ಸೋಮವಾರಕ್ಕೆ ಬರೋಣ. ದೂರದ ಊರಿನವನೊಬ್ಬ ಒಂದು ಭಾರಿ ಕ್ಯಾಮೆರಾ ಕೊಂಡಿದ್ದ. ಎಂಥ ಮರ್ಯಾದಸ್ಥ ಅಂತೀರಿ! ಮೂರು ದಿನ ಚೌಕಾಶಿ ಮಾಡಿದ, ಕೇಳಬೇಕಾದ ಪ್ರಶ್ನೆಗಳನ್ನೇ ಕೇಳಿದ, ಆನ್‌ಲೈನ್ ಮಾರಾಟದ ಕಂಪನಿಯ ಮೂಲಕವೇ ಹಣ ಕಟ್ಟಿದ. ಸಾಮಾನು ಸರಿಯಾಗಿ ತಲುಪಿದ ಮೇಲೆ ಕಂಪನಿ ಆ ಹಣವನ್ನು ಅಕ್ಕನಿಗೆ ಕೊಡುವುದು ಪದ್ಧತಿ. ಅಕ್ಕನಿಗೆ ಎಳ್ಳಷ್ಟೂ ಅನುಮಾನ ಬರಲಿಲ್ಲ. ಫೋನನ್ನು ಸ್ಟ್ಯಾಂಡಿಗೆ ಸಿಕ್ಕಿಸಿ ವಿಡಿಯೋ ಶುರುಮಾಡಿದಳು, ನಂಬರ್ ಓದಿದಳು, ಕ್ಯಾಮೆರಾವನ್ನು ಗುಳ್ಳೆ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಪೆಟ್ಟಿಗೆಯಲ್ಲಿಟ್ಟಳು. ಅಷ್ಟರಲ್ಲಿ ಅದೇ ಫೋನಿನ ಅಲಾರಂ ಹೊಡೆದುಕೊಂಡಿತು. ಅತ್ತೆ ಹಿಂದಿನ ವಾರವಷ್ಟೇ ಕಣ್ಣಿನ ಪೊರೆ ತೆಗೆಸಿಕೊಂಡಿದ್ದರು. ಎರಡು ಗಂಟೆಗೊಮ್ಮೆ ಔಷಧಿ ಬಿಡಬೇಕಿತ್ತು. ಅಲಾರಂ ನಿಲ್ಲಿಸುವ ಅವಸರದಲ್ಲಿ ಅವಳು ವಿಡಿಯೋವನ್ನೂ ನಿಲ್ಲಿಸಿದಳು. ಜಗತ್ತಿನ ಕಳ್ಳರಿಗೆಲ್ಲ ಬಲೆ ಹೆಣೆದವಳು ಅತ್ತೆಯ ಕಣ್ಣಿನ ಔಷಧಿಯನ್ನೂ ಅದೇ ಫೋನಿಗೆ ಕಟ್ಟಿದ್ದಳು ನೋಡಿ!

ಔಷಧಿ ಬಿಟ್ಟು, ದಿಂಬು ಸರಿಮಾಡಿ, ಅತ್ತೆಯ ಒಂದು ದೂರು ಕೇಳಿ ಬರುವಷ್ಟರಲ್ಲಿ ನಾಲ್ಕು ನಿಮಿಷ ಆಗಿತ್ತು. ಪುಟ್ಟ ಒಳ್ಳೆಯ ಮನಸ್ಸಿನಿಂದ ಪೆಟ್ಟಿಗೆಯ ಮುಚ್ಚಳ ಮಡಚಿ ಒಂದು ಸುತ್ತು ಟೇಪ್ ಹಾಕಿಬಿಟ್ಟಿದ್ದ. ಮತ್ತೆ ಬಿಚ್ಚುವುದ್ಯಾಕೆ ಎಂದು ಅವಳು ಅಲ್ಲಿಂದಲೇ ಎರಡನೆಯ ವಿಡಿಯೋ ತೆಗೆದಳು. ಮಧ್ಯಾಹ್ನ ಕೊರಿಯರ್‌ನವನು ಬಂದು ಪೆಟ್ಟಿಗೆ ಒಯ್ದ.

ಶುಕ್ರವಾರ ದೂರು ಬಂತು. ಕೊಂಡವನು ಚಿತ್ರ ಕಳಿಸಿದ್ದ. ಅವಳದೇ ಪೆಟ್ಟಿಗೆ, ಅವಳದೇ ಗುಳ್ಳೆ ಪ್ಲಾಸ್ಟಿಕ್, ಅದರೊಳಗೆ ನೆಲಕ್ಕೆ ಹಾಕುವ ಟೈಲ್ಸಿನ ಎರಡು ತುಂಡು. 'ನಿಮ್ಮಂಥವರನ್ನು ನಂಬಿದ್ದೇ ತಪ್ಪಾಯಿತು' ಎಂದು ಕೆಳಗೆ ಬೇರೆ ಬರೆದಿದ್ದ. ಅಕ್ಕ ಕೂತಲ್ಲೇ ಕುದ್ದುಹೋದಳು. "ನಿನ್ನ ಮನೆ ಹಾಳಾಗ! ಇರು, ವಿಡಿಯೋ ಇದೆ ನನ್ನ ಹತ್ರ" ಎಂದು ಎರಡು ವಿಡಿಯೋಗಳನ್ನೂ ಕಂಪನಿಗೆ ಕಳಿಸಿದಳು.

ಸಂಜೆಗೆ ಕಂಪನಿಯ ಹುಡುಗಿ ಫೋನ್ ಮಾಡಿದಳು. ಮಾತು ಮೆತ್ತಗಿತ್ತು.

"ಮೇಡಂ, ನಡುವೆ ನಾಲ್ಕು ನಿಮಿಷ ವಿಡಿಯೋ ಇಲ್ಲ. ಆಗ ಪೆಟ್ಟಿಗೆ ಹತ್ರ ಯಾರಿದ್ರು?"

"ನನ್ನ ಮೈದುನ."

"ಅವರು ನಂಬಿಕಸ್ಥರಾ?"

"ಹೌದು" ಎಂದಳು ಅಕ್ಕ. ಎಂದಳೇನೋ ನಿಜ, ಆದರೆ ಹೇಳುವ ಮೊದಲು ಒಂದು ಗುಟುಕು ಉಗುಳು ನುಂಗಿದ್ದಳು. ಅದು ಅವಳಿಗೇ ಗೊತ್ತಾಯಿತು. ಬೇರೆ ಏನಾದರೂ ಪುರಾವೆ ಇದ್ದರೆ ಮೂರು ದಿನದೊಳಗೆ ಕಳಿಸಿ ಎಂದು ಆ ಹುಡುಗಿ ಫೋನಿಟ್ಟಳು.

ಗಂಡ ಪ್ರೆಸ್ಸಿನ ಕೆಲಸ ಮುಗಿಸಿ ಬಂದವನು ಎಲ್ಲ ಕೇಳಿ ಶರ್ಟಿನ ಗುಂಡಿ ಬಿಚ್ಚುತ್ತಾ, "ರೇಡಿಯೋ ಒಬ್ಬನೇ ಇದ್ನಾ?" ಎಂದ.

"ಬಾಯಿಗೆ ಬಂದ ಹಾಗೆ ಮಾತಾಡ್ಬೇಡಿ."

"ನಾನೇನೂ ಹೇಳ್ಲಿಲ್ಲಪ್ಪ. ಒಬ್ಬನೇ ಇದ್ನಾ ಅಂತ ಕೇಳಿದೆ, ಅಷ್ಟೇ."

ತಲೆಗೆ ಹುಳ ಬಿಡುವವರು ಹೀಗೇ, ಬಿಟ್ಟು ಕೈ ತೊಳೆದುಕೊಂಡು ಊಟಕ್ಕೆ ಕೂರುತ್ತಾರೆ. ಅಕ್ಕನಿಗೆ ಅನ್ನ ಇಳಿಯಲಿಲ್ಲ. ಅವನಲ್ಲ, ಅವನು ಖಂಡಿತ ಅಲ್ಲ ಎಂದು ನೂರು ಸಲ ಹೇಳಿಕೊಂಡಳು. ಖಂಡಿತ ಅಲ್ಲ ಎನ್ನುವ ಮಾತನ್ನು ನೂರು ಸಲ ಯಾಕೆ ಹೇಳಿಕೊಳ್ಳಬೇಕು ಎಂದು ನೂರ ಒಂದನೆಯ ಸಲಕ್ಕೆ ಅನ್ನಿಸಿತು.

ಬೆಳಿಗ್ಗೆ ಪುಟ್ಟ ಮೇಜಿನ ಹತ್ತಿರ ರಟ್ಟು ಕತ್ತರಿಸುತ್ತಿದ್ದ.

"ಪುಟ್ಟ, ಸೋಮವಾರ ನಾನು ಒಳಗೆ ಹೋದಾಗ ಇಲ್ಲಿಗೆ ಯಾರಾದ್ರೂ ಬಂದಿದ್ರಾ?"

"ಇಲ್ಲ ಅತ್ತಿಗೆ, ನಾನೊಬ್ಬನೇ."

ಇಲ್ಲಿಗೆ ನಿಲ್ಲಿಸಿದ್ದರೆ ಏನೂ ಆಗುತ್ತಿರಲಿಲ್ಲ. ಅವಳು ನಿಲ್ಲಿಸಲಿಲ್ಲ.

"ನೀನೊಬ್ಬನೇನಾ?"

ಕತ್ತರಿ ಅರ್ಧಕ್ಕೆ ನಿಂತಿತು. ಅವನು ತಲೆ ಎತ್ತಿ ನೋಡಿದ. ಅವಳು ಅವನ ಮುಖ ನೋಡುತ್ತಿರಲಿಲ್ಲ, ಕೈ ನೋಡುತ್ತಿದ್ದಳು.

"ನಾನು ತಗೊಂಡಿಲ್ಲ ಅತ್ತಿಗೆ."

"ಛೆ ಛೆ, ನಾನೆಲ್ಲಿ ಹಾಗಂದೆ..." ಎಂದಳು. ತಡವಾಯಿತು. ಅವಳಿಗೆ ತಡವಾದದ್ದು ಗೊತ್ತಾಯಿತು, ಅವನಿಗೂ ಗೊತ್ತಾಯಿತು.

ಕತ್ತರಿಯನ್ನು ಮೇಜಿನ ಮೇಲಿಟ್ಟು ಅವನು ಹೇಳಿದ, "ರೇಡಿಯೋನೂ ನಾನು ತಗೊಂಡಿರ್ಲಿಲ್ಲ. ಚಪ್ಪಲಿ ಸ್ನೇಹಿತಂದು. ಅವನಿಗೆ ಬಿಗಿಯಾಗ್ತಿತ್ತು, ನಂಗೆ ಕೊಟ್ಟ. ಆವತ್ತು ಯಾರೂ ಕೇಳ್ಲಿಲ್ಲ. ನೀವೂ ಇಷ್ಟು ವರ್ಷ ಕೇಳ್ಲಿಲ್ಲ."

ಹೇಳಿ, ಚಪ್ಪಲಿ ಮೆಟ್ಟಿಕೊಂಡು ಹೊರಟುಹೋದ.

ಒಳಗೆ ಮಲಗಿದ್ದ ಅತ್ತೆಗೆ ಕಣ್ಣಿಗೆ ಕಪ್ಪು ಕನ್ನಡಕ ಇದ್ದರೇನು, ಕಿವಿ ನೆಟ್ಟಗಿತ್ತು. "ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು" ಎಂದರು. ಸೊಸೆಗೆ ಹೇಳಿದರೋ, ತಮಗೇ ಹೇಳಿಕೊಂಡರೋ, ತಿಳಿಯಲಿಲ್ಲ.

ಹದಿನಾಲ್ಕು ವರ್ಷ ಅಕ್ಕ ಪುಟ್ಟನನ್ನು ನಂಬಿದ್ದೇನೆ ಎಂದುಕೊಂಡಿದ್ದಳು. ನಂಬಿರಲಿಲ್ಲ, ಕ್ಷಮಿಸಿದ್ದಳು ಅಷ್ಟೇ. ಕದ್ದಿದ್ದರೂ ಪರವಾಗಿಲ್ಲ ಎಂದು ಬೀಗದಕೈ ಕೊಟ್ಟಿದ್ದಳು. ಕದ್ದಿಲ್ಲ ಎಂದು ಕೊಟ್ಟಿರಲಿಲ್ಲ. ತನ್ನ ದೊಡ್ಡತನದ ಮೇಲೆ ಅವಳಿಗೆ ಆ ಗಳಿಗೆಯಲ್ಲಿ ಹೇಸಿಗೆಯಾಯಿತು.

ಪುಟ್ಟ ಮಧ್ಯಾಹ್ನ ಮೂರಕ್ಕೆ ಬಂದ. ಬೆವರಿ ಶರ್ಟು ಬೆನ್ನಿಗೆ ಅಂಟಿತ್ತು. ಎರಡು ಚೀಟಿಗಳನ್ನು ಮೇಜಿನ ಮೇಲಿಟ್ಟ. ಕೊರಿಯರ್ ಕಚೇರಿಯ ಕಿಟಕಿಯ ಮುಂದೆ ನಿಂತು, ಆಗಲ್ಲ ಎಂದವರ ಹತ್ತಿರವೇ ಮತ್ತೆ ಮತ್ತೆ ಕೇಳಿ ತೆಗೆಸಿಕೊಂಡು ಬಂದಿದ್ದ. ಒಂದು, ಪೆಟ್ಟಿಗೆ ಇಲ್ಲಿಂದ ಹೊರಟಾಗಿನ ತೂಕ. ಇನ್ನೊಂದು, ಕೊಂಡವನ ಊರಿನಲ್ಲಿ ಅವನ ಮನೆಗೆ ಒಯ್ಯುವ ಮುಂಚಿನ ತೂಕ. ಎರಡರಲ್ಲೂ ಎರಡು ಕೆಜಿ ನೂರ ನಲವತ್ತು ಗ್ರಾಂ.

"ಅದೇ ಥರದ ಇನ್ನೊಂದು ಕ್ಯಾಮೆರಾ ಕಪಾಟಿನಲ್ಲಿದೆ. ಅದನ್ನೂ ಹಾಗೇ ಕಟ್ಟಿ ತೂಕ ಮಾಡ್ಸಿ" ಎಂದ. "ಟೈಲ್ಸಿನ ಪೆಟ್ಟಿಗೇನ ಅವನಿಂದ ವಾಪಸ್ ತರಿಸಿ ತೂಗೋಕೆ ಕಂಪ್ನಿಯೋರಿಗೆ ಹೇಳಿ."

ಹಾಗೇ ಆಯಿತು. ಕಪಾಟಿನ ಕ್ಯಾಮೆರಾ ಕಟ್ಟಿದ ಪೆಟ್ಟಿಗೆ ಐದು ಗ್ರಾಮಿನ ವ್ಯತ್ಯಾಸದಲ್ಲಿ ತೂಗಿತು. ವಾಪಸ್ ಬಂದ ಟೈಲ್ಸಿನ ಪೆಟ್ಟಿಗೆ ಮೂರು ಕೆಜಿ ದಾಟಿತು. ಹೋಗುವಾಗ ತೆಳ್ಳಗಿದ್ದ ಪೆಟ್ಟಿಗೆ ನೆಂಟರ ಮನೆಯಲ್ಲಿ ಉಂಡು ದಪ್ಪಗಾಗಿ ಬಂದಂತಾಯಿತು. ಒಂಬತ್ತನೆಯ ದಿನ ಕಂಪನಿಯ ಪತ್ರ ಬಂತು. ಮಾರಿದವರ ತಪ್ಪಿಲ್ಲ, ಕೊಂಡವನ ದೂರು ಸುಳ್ಳು, ಅವನ ಖಾತೆ ಮುಚ್ಚಲಾಗಿದೆ, ಹಣ ನಿಮಗೆ ಸೇರುತ್ತದೆ.

"ನಾನು ಆಗ್ಲೇ ಹೇಳ್ಲಿಲ್ವಾ, ಆ ಟೈಲ್ಸ್‌ನೋನೇ ಕಳ್ಳ ಅಂತ!" ಎಂದ ಗಂಡ. ಇವರನ್ನೆಲ್ಲ ಏನು ಮಾಡುವುದು ಹೇಳಿ. ಅಕ್ಕ ಅವನನ್ನೊಮ್ಮೆ ದುರುಗುಟ್ಟಿ ನೋಡಿ ಮುಂದಿನ ಕೋಣೆಗೆ ಹೋದಳು.

ಪುಟ್ಟ ಟೇಪಿನ ಸುರುಳಿ ಜೋಡಿಸುತ್ತಿದ್ದ. ಈ ಒಂಬತ್ತು ದಿನ ಅವನು ಕೆಲಸ ತಪ್ಪಿಸಿರಲಿಲ್ಲ. ಕೇಳಿದ್ದಕ್ಕೆ ಉತ್ತರ ಕೊಡುತ್ತಿದ್ದ, ಕೂತು ಮಾತಾಡಿರಲಿಲ್ಲ.

"ತಪ್ಪಾಯ್ತು ಕಣೋ" ಎಂದಳು. "ನಿನ್ನನ್ನ ಹಾಗೆ ಕೇಳಬಾರ್ದಿತ್ತು. ನೀನಿಲ್ದಿದ್ರೆ ಇವತ್ತು ನಾನು ಮುಳುಗಿ ಹೋಗ್ತಿದ್ದೆ."

"ಇರ್ಲಿ ಬಿಡಿ ಅತ್ತಿಗೆ." ಇನ್ನೊಂದು ಸುರುಳಿ ಎತ್ತಿಟ್ಟು, "ಆ ಕಂಪ್ನಿ ಪತ್ರ ಒಂದು ಪ್ರಿಂಟ್ ತೆಗೆದುಕೊಡ್ತೀರಾ?" ಎಂದ.

"ಯಾಕೋ? ಎಲ್ಲ ಮುಗೀತಲ್ಲ."

"ನಂಗೆ. ಇಟ್ಕೊಂಡಿರ್ತೀನಿ."

ಅವಳು ಪ್ರಿಂಟ್ ತೆಗೆದುಕೊಟ್ಟಳು. ಅವನು ಕಿಟಕಿಯ ಹತ್ತಿರ ನಿಂತು ಮೊದಲಿನಿಂದ ಕೊನೆಯವರೆಗೆ ನಿಧಾನವಾಗಿ ಓದಿದ. ಹಾಳೆ ತಿರುಗಿಸಿ ಹಿಂದುಗಡೆಯೂ ನೋಡಿದ. ಅಲ್ಲಿ ಏನೂ ಇರಲಿಲ್ಲ.

"ಇದ್ರಲ್ಲಿ ನನ್ನ ವಿಷಯ ಇಲ್ಲ ಅತ್ತಿಗೆ" ಎಂದ.

ಅಕ್ಕ ಹಾಳೆಯನ್ನು ಅವನ ಕೈಯಿಂದ ತೆಗೆದುಕೊಂಡಳು. ಮೇಜಿನ ಮುಂದೆ ಕೂತು, ಪತ್ರದ ಕೆಳಗೆ ಖಾಲಿಯಿದ್ದ ಜಾಗದಲ್ಲಿ ಬರೆದಳು: 'ವಿಡಿಯೋ ಇಲ್ಲದ ನಾಲ್ಕು ನಿಮಿಷ ಪೆಟ್ಟಿಗೆಯ ಹತ್ತಿರ ಇದ್ದವನು ನನ್ನ ಮೈದುನ. ಅವನು ಏನನ್ನೂ ತೆಗೆದುಕೊಂಡಿಲ್ಲ. ಹಿಂದೆಯೂ ತೆಗೆದುಕೊಂಡಿರಲಿಲ್ಲ.' ಅಕ್ಷರಗಳು ಸೊಟ್ಟಗೆ ಬಂದವು. ಕಣ್ಣೊರೆಸಿಕೊಂಡು ಸಹಿ ಹಾಕಿ ಅವನ ಕೈಗೆ ಕೊಟ್ಟಳು.

ಅವನು ಅದನ್ನೂ ಓದಿದ. ಎರಡು ಸಲ ಓದಿದ. ಆಮೇಲೆ ಹಾಳೆಯನ್ನು ಮತ್ತೆ ಅವಳ ಮುಂದಿಟ್ಟ.

"ತಾರೀಖು ಹಾಕಿ ಅತ್ತಿಗೆ."

ಅವಳು ತಾರೀಖು ಹಾಕಿದಳು.